ಅಳಲೆ ಉಂಡ ನೂಲು

ಮಳವಳ್ಳಿಯ ನೇಕಾರರ ಬೀದಿಯಲ್ಲಿ ಯಾರ ಮನೆಯಲ್ಲಿ ಏನು ನಡೆಯಲಿದೆ ಎಂದು ತಿಳಿಯಲು ಯಾರನ್ನೂ ವಿಚಾರಿಸಬೇಕಾಗಿರಲಿಲ್ಲ. ಚೌಡಯ್ಯನ ಮನೆ ಮುಂದಿನ ಬಿದಿರ ಗಳುವನ್ನು ನೋಡಿದರೆ ಸಾಕಿತ್ತು. ಬಣ್ಣ ಹಾಕಿದ ನೂಲನ್ನು ಅವನು ಆ ಗಳುವಿನ ಮೇಲೆ ಒಣಗಲು ಹಾಕುತ್ತಿದ್ದ. ಕೆಂಪು ತೂಗಿದರೆ ಮದುವೆ. ಹಸಿರು ತೂಗಿದರೆ ಯಾರದೋ ಮಗಳು ಬಸುರಿ, ತವರಿನವರು ಸೀರೆಗೆ ಹೇಳಿದ್ದಾರೆ. ಕೆಂಪು ಕಂಡವರು ನಿಂತು, "ಯಾರ ಮನೆ ಮದುವೆ ಚೌಡಯ್ಯ?" ಎಂದು ಕೇಳುವುದು, ಅವನು ಮಗ್ಗದ ಗುಣಿಯಿಂದ ತಲೆಯೆತ್ತದೆ ಆ ಮನೆಯ ಹೆಸರು ಹೇಳುವುದು, ಕೇಳಿದವರು "ಒಳ್ಳೇದಾಗ್ಲಿ" ಎಂದು ಮುಂದೆ ಹೋಗುವುದು, ಇದು ಬೀದಿಯ ರೂಢಿ. ಬಿಳಿ ನೂಲು ತೂಗಿದ ದಿನ ಮಾತ್ರ ಯಾರೂ ಏನೂ ಕೇಳುತ್ತಿರಲಿಲ್ಲ.

ಚೌಡಯ್ಯ ಸೀರೆ ಕೊಡುವವನು ಎನ್ನುವುದಕ್ಕಿಂತ ಸೀರೆ ಕೊಡಲು ಒಪ್ಪದವನು ಎಂದರೆ ಹೆಚ್ಚು ಸರಿ. ಬಂದವರು ಬೇಕಾದ ಬಣ್ಣ ಹೇಳುವಂತಿಲ್ಲ, ಉಡುವವಳು ಯಾರು, ಏನು ಕಾರ್ಯಕ್ಕೆ ಎಂದು ಹೇಳಬೇಕು. ಬಣ್ಣ ಅವನದು. ಒಮ್ಮೆ ಮಂಡಿ ಸಾಹುಕಾರರ ಹೆಂಡತಿ ಮೈಸೂರಲ್ಲಿ ಯಾರೋ ಉಟ್ಟಿದ್ದನ್ನು ಕಂಡು ಬಂದು, ಮಗಳ ಧಾರೆ ಸೀರೆಗೆ ಕರಿ ಅಂಚು ಹಾಕು ಎಂದಳು. "ಕಣ್ಗೆ ಚೆಂದ ಕಾಣೋದು ಬ್ಯಾರೆ, ಮೈ ಮ್ಯಾಲೆ ನಿಲ್ಲೋದು ಬ್ಯಾರೆ ಕಣಮ್ಮ. ಆ ಅಂಚು ಬೇಕಾದ್ರೆ ಮೈಸೂರ್ಗೇ ಓಗು" ಎಂದು ಅವಳನ್ನು ಮೆಟ್ಟಿಲು ಇಳಿಸಿಬಿಟ್ಟ. ಈ ಮನುಷ್ಯನ ಜಂಭಕ್ಕೆ ಬೀದಿ ನಗುತ್ತಿತ್ತು, ಆದರೆ ಮದುವೆ ಗೊತ್ತಾದ ಕೂಡಲೇ ಅವನ ಮನೆಗೇ ಬರುತ್ತಿತ್ತು. ಅವನ ಲೆಕ್ಕದಲ್ಲಿ ಬಣ್ಣವೆಂದರೆ ಚೆಂದಕ್ಕೆ ಬಳಿಯುವುದಲ್ಲ. ಹೆಣ್ಣು ಬಾಯಿಬಿಟ್ಟು ಹೇಳದ್ದನ್ನು ಸೀರೆ ಹೇಳಬೇಕು, ಹೇಳುವುದು ಸುಳ್ಳಾಗಬಾರದು.

ಅವನ ಹೆಂಡತಿ ಚಿಕ್ಕನಂಜಮ್ಮ ಮುತ್ತೈದೆಯಾಗಿಯೇ ತೀರಿಕೊಂಡಿದ್ದಳು. ಅಂದು ಅವಳಿಗೆ ಹಸಿರು ಸೀರೆ ಉಡಿಸಿ, ಕೈತುಂಬ ಬಳೆ ತೊಡಿಸಿ, ಕೆನ್ನೆಗೆ ಅರಿಶಿನ ಹಚ್ಚಿ ಕಳಿಸಿದ್ದ. ಹೆಂಡತಿ ಹೋದ ದುಃಖ ದೊಡ್ಡದೇ. ಆದರೂ ಅವಳು ತನ್ನ ಬಣ್ಣದಲ್ಲೇ ಹೋದಳು ಎಂಬ ಒಂದು ಸಮಾಧಾನ ಅವನಿಗೆ ಉಳಿದಿತ್ತು. ಉಳಿದ ಇನ್ನೊಂದು ಜೀವ ಮಗಳು ಮರಿತಾಯಮ್ಮ.

ಮರಿತಾಯಮ್ಮನ ಮದುವೆ ಸೀರೆಗೆ ಅವನು ಅಂಗಡಿಯ ಜರ್ಮನಿ ಬಣ್ಣದ ಪುಡಿ ಮುಟ್ಟಲಿಲ್ಲ. ಅಪ್ಪನ ಕಾಲದ ತಾಮ್ರದ ಹಂಡೆ ಇಳಿಸಿ, ಅಪ್ಪ ಹಾಕುತ್ತಿದ್ದ ಕೆಂಪನ್ನೇ ಹಾಕಿದ. ಆ ಕೆಂಪು ಒಂದು ದಿನಕ್ಕೆ ಬರುವುದಲ್ಲ. ಮೊದಲು ನೂಲಿಗೆ ಅಳಲೆಕಾಯಿಯ ನೀರು ಕುಡಿಸಬೇಕು. ಅದನ್ನು ಅವರು ಅಳಲೆ ಉಣ್ಣಿಸುವುದು ಎನ್ನುತ್ತಿದ್ದರು. ಅಳಲೆ ಉಂಡ ನೂಲು ಕೆಂಪಾಗಿರುವುದಿಲ್ಲ, ಕೆನೆಯಂತಿರುತ್ತದೆ. ತಿಳಿಯದವರು ಬಿಳಿ ಎಂದೇ ಅಂದುಕೊಳ್ಳಬೇಕು. ಆಮೇಲೆ ಪಟಿಕದ ನೀರು, ಆಮೇಲೆ ಮಂಜಿಷ್ಠೆ ಬೇರಿನ ಹಂಡೆ. ಅಲ್ಲಿಂದ ಎದ್ದ ಕೆಂಪು ಸೀರೆ ಹರಿದರೂ ಹೋಗುವುದಿಲ್ಲ. ಬರಿಯ ಬಿಳಿ ನೂಲನ್ನು ನೇರವಾಗಿ ಆ ಹಂಡೆಗೆ ಹಾಕಿದರೆ ಎರಡು ಒಗೆತಕ್ಕೆ ಬಣ್ಣ ನೀರಿನಲ್ಲಿ ಹೊರಟುಹೋಗುತ್ತದೆ. ಇದರ ಜೊತೆಗೆ ಅಪ್ಪ ಇನ್ನೊಂದು ಮಾತನ್ನು ಕಿವಿ ಹಿಂಡಿ ಕಲಿಸಿದ್ದ: ಅಳಲೆಗೆ ಕಬ್ಬಿಣ ತಾಗಬಾರದು. ತಾಗಿದರೆ ಕಾಡಿಗೆಯ ಹಾಗೆ ಕಪ್ಪಾಗುತ್ತದೆ, ಕಪ್ಪಾದದ್ದು ಮತ್ತೆ ಯಾವ ಬಣ್ಣಕ್ಕೂ ಬಗ್ಗುವುದಿಲ್ಲ. ಚೌಡಯ್ಯನ ಹಿತ್ತಲಲ್ಲಿ ಅದಕ್ಕೇ ಒಂದು ಮೊಳೆ ಕೂಡ ಇರಲಿಲ್ಲ. ಬಾವಿಯಿಂದ ನೀರು ಸೇದುವುದೂ ತಾಮ್ರದ ಕೊಡದಲ್ಲೇ.

ಅಳಿಯ ಅಂಕಯ್ಯ ಶಿವನಸಮುದ್ರದ ಬಳಿ, ಬ್ಲಫ್ ಎಂಬಲ್ಲಿ, ಕರೆಂಟು ತಯಾರಿಸುವ ಮನೆಯಲ್ಲಿ ಫಿಟ್ಟರು. ಅವನ ತಮ್ಮ ಹುಚ್ಚೀರಯ್ಯನಿಗೂ ಅಲ್ಲೇ ಕೆಲಸ. ತಾಯಿ ಮಹದೇವಮ್ಮನೊಂದಿಗೆ ಕೆಲಸಗಾರರ ಮನೆಸಾಲಿನಲ್ಲಿ ಅವರ ವಾಸ. ಮಗಳನ್ನು ನೋಡಲು ಮೊದಲ ಸಲ ಹೋದಾಗ ಚೌಡಯ್ಯ ಅಲ್ಲಿನ ನಲ್ಲಿಯನ್ನು ತಿರುಗಿಸಿ ತಿರುಗಿಸಿ ನೋಡಿದ್ದ. ಹೊಳೆಯ ನೀರು ಕಬ್ಬಿಣದ ಕೊಳವೆಯಲ್ಲಿ ಏರಿ ಮನೆ ಬಾಗಿಲಿಗೇ ಬರುತ್ತಿತ್ತು. "ನಮ್ಮ ಮಗ್ಳಿಗೆ ನೀರು ಸೇದೋ ಕಷ್ಟ ಇಲ್ಲ ಕಣಪ್ಪ" ಎಂದು ಊರಿಗೆ ಬಂದು ಹೇಳಿಕೊಂಡು ತಿರುಗಿದ. ಬೆಳಗಿನ ಮೊದಲ ಕೊಡ ಒಸಿ ಕೆಂಪಗೆ ಬರುತ್ತದೆ, ಅದನ್ನು ಗಿಡಕ್ಕೆ ಚೆಲ್ಲುತ್ತೇವೆ ಎಂದು ಮಗಳು ಅಂದಿದ್ದು ಅವನ ಕಿವಿಗೆ ಬಿದ್ದಿತ್ತು. ತಲೆಗೆ ಹೋಗಲಿಲ್ಲ.

ಯುದ್ಧ ಬಂತು. ಅಂಕಯ್ಯ ಪಲ್ಟನ್ನಿಗೆ ಸೇರಿ ಹಡಗು ಹತ್ತಿ ಸಿಂಗಾಪುರಕ್ಕೆ ಹೋದ. ಸಿಂಗಾಪುರ ಜಪಾನಿನವರ ಕೈಗೆ ಬಿತ್ತು ಎಂದು ಮಂಡ್ಯದಿಂದ ಬಂದವರು ಹೇಳಿದರು. ಅಲ್ಲಿಂದಾಚೆಗೆ ಅಂಕಯ್ಯನ ವಿಷಯ ಏನೂ ಇಲ್ಲ. ಸತ್ತ ಎಂದು ಹೇಳುವವರೂ ಇಲ್ಲ, ಇದ್ದಾನೆ ಎಂದು ಹೇಳುವವರೂ ಇಲ್ಲ.

ಎರಡು ವರ್ಷ ಹೀಗೇ ಕಳೆದ ಮೇಲೆ ಮಹದೇವಮ್ಮ ಬಸ್ಸು ಹಿಡಿದು ಮಳವಳ್ಳಿಗೆ ಬಂದಳು. ಕೆಟ್ಟ ಹೆಂಗಸಲ್ಲ ಅವಳು. ಬಂದವಳು ನೀರನ್ನೂ ಮುಟ್ಟದೆ ಜಗಲಿಯ ಮೇಲೆ ಕುಳಿತು ಹೇಳಿದಳು:

"ಬೀಗ್ರೇ, ಕಣ್ಮುಚ್ಚಿದ್ರೆ ನನ್ನ ಮಗ ಬತ್ತಾನೆ. ಬಾಗ್ಲಲ್ಲಿ ನಿಂತ್ಕಂಡು ಅವ್ವಾ ಅನ್ನ ಆಕು ಅಂತಾನೆ. ಒಳೀಕ್ ಬಾ ಅಂದ್ರೆ ಬರಾಕಿಲ್ಲ. ಬದುಕಿರೋ ಮಗ ಇಂಗೆ ಬತ್ತಾನಾ? ದರ್ಭೆ ಬೊಂಬೆ ಮಾಡಿ ಸುಟ್ಟು ಅವ್ನಿಗೆ ಒಂದು ತುತ್ತು ಮಡಗ್ಬುಡ್ತೀನಿ. ನೀವು ತವರಿನ ಸೀರೆ ತರ್ಬೇಕು."

ತವರಿನ ಸೀರೆ ಎಂದರೆ ಏನೆಂದು ಚೌಡಯ್ಯನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಗಂಡ ಸತ್ತವಳಿಗೆ ಬಿಳಿ ಸೀರೆ ತರುವವರು ತವರಿನವರೇ. ಅದು ಬಂದು ಅವಳ ಮೈಮೇಲೆ ಬೀಳುವ ತನಕ ಸತ್ತವನ ಕಾರ್ಯ ಮುಗಿಯುವುದಿಲ್ಲ. ಆ ಬೀದಿಯಲ್ಲಿ ಎಷ್ಟೋ ಅಪ್ಪಂದಿರು ಚೌಡಯ್ಯನ ಮಗ್ಗದಿಂದಲೇ ಆ ಸೀರೆ ಕೊಂಡುಹೋಗಿದ್ದರು. ಈಗ ಅವನೇ ತನ್ನ ಮಗಳಿಗೆ ನೇಯಬೇಕು.

"ನೂಲಿಲ್ಲ ಬೀಗಿತ್ತಿ. ಯುದ್ಧದ ಕಂಟ್ರೋಲು ಬಂದು ಎಲ್ಲಾ ನಿಂತೋಗದೆ. ನೂಲು ಬರ್ಲಿ ತಡೀರಿ" ಎಂದ. ಅರ್ಧ ನಿಜ, ಅರ್ಧ ನೆಪ. ತಾನು ನೇಯದಿದ್ದಷ್ಟು ದಿನ ಮಗಳ ಹಣೆಯ ಕುಂಕುಮಕ್ಕೆ ಕೈ ಹಾಕುವವರಿಲ್ಲ ಎಂದು ಒಳಗೊಳಗೇ ಗಟ್ಟಿಯಾಗಿದ್ದ.

ಆದರೆ ಕುಂಕುಮ ಉಳಿಸಿಕೊಂಡ ಮಗಳು ಅಲ್ಲಿ ಏನು ಅನುಭವಿಸುತ್ತಿದ್ದಳು ಎಂಬುದು ಹಬ್ಬಕ್ಕೆ ಕರೆತರಲು ಹೋದಾಗ ತಿಳಿಯಿತು. ಅತ್ತೆ ಮಾತು ಬಿಟ್ಟಿದ್ದಳು. ಸತ್ತವನ ಹಸಿವು ತಾಯಿಗೆ ತೋರುತ್ತದೆ, ಹೆಂಡತಿಗೆ ತೋರುವುದಿಲ್ಲವೇ ಎಂದು ಸಾಲುಮನೆಯ ಹೆಂಗಸರು ಆಡುತ್ತಿದ್ದರು. ಮರಿತಾಯಮ್ಮ ತಟ್ಟೆ ಹಿಡಿದು ಹಿತ್ತಲ ಬಾಗಿಲಲ್ಲಿ ಕೂತು ಉಣ್ಣುತ್ತಿದ್ದಳು. ಅಪ್ಪನೊಡನೆ ಅವಳು ದೂರು ಹೇಳಲಿಲ್ಲ. "ಅತ್ತೆ ರಾತ್ರಿಯೆಲ್ಲಾ ಅಳ್ತಾರೆ ಕಣಪ್ಪ. ನನ್ನ ಕೈಲಿ ನೋಡಾಕಾಗಾಕಿಲ್ಲ. ತಂದ್ಬುಡು" ಎಂದಳು. ಅನ್ನುವಾಗ ಒಂದು ಕೈ ತಾಳಿಯ ಮೇಲಿತ್ತು.

ಚೌಡಯ್ಯ ಮನೆಗೆ ಬಂದು ಗುಣಿಯಲ್ಲಿ ಕಾಲಿಳಿಬಿಟ್ಟು ಸುಮ್ಮನೆ ಕುಳಿತ. ಬಿಳಿ ನೇಯ್ದರೆ ಅಳಿಯನನ್ನು ತಾನೇ ಕೊಂದ ಹಾಗೆ. ನೇಯದಿದ್ದರೆ ಮಗಳು ದಿನಾ ಒಂದಿಷ್ಟು ಸಾಯುತ್ತಾಳೆ. ಆಗ ಅವನಿಗೊಂದು ದಾರಿ ಹೊಳೆಯಿತು. ಅದು ಹೊಳೆದ ಸಂತೋಷಕ್ಕೆ, ಪಾಪ, ಎದ್ದು ಹೋಗಿ ಚಿಕ್ಕನಂಜಮ್ಮ ನೂಲು ಸುತ್ತಲು ಕೂರುತ್ತಿದ್ದ ಹಳೆಯ ಮಣೆಯ ಮುಂದೆ ಅಡ್ಡಬಿದ್ದ.

ಸಿಕ್ಕ ನೂಲಿಗೆಲ್ಲ ಅಳಲೆ ಉಣ್ಣಿಸಿದ. ಗಳುವಿನ ಮೇಲೆ ಹಾಕಿದ. ಬೀದಿಯವರು ಬಿಳಿ ಎಂದುಕೊಂಡು ತಲೆ ತಗ್ಗಿಸಿ ದಾಟಿಹೋದರು. ಬೇಕಾದಷ್ಟನ್ನು ಸೀರೆಗೆ ಹಾಸಿ ನೇಯ್ದು, ಉಳಿದ ನೂಲಿನ ಲಡಿಗಳನ್ನು ಸುತ್ತಿ ಅಟ್ಟಕ್ಕೆ ಹಾಕಿದ. ಅದೇ ವಾರ ಮಂಜಿಷ್ಠೆ ಬೇರನ್ನೂ ಪಟಿಕವನ್ನೂ ಕೊಂಡು ತಂದು ಡಬ್ಬಿಗೆ ತುಂಬಿ ಲಡಿಗಳ ಪಕ್ಕದಲ್ಲೇ ಇಟ್ಟ.

ಕಾರ್ಯದ ದಿನ ಹೊಳೆಯ ದಂಡೆಯಲ್ಲಿ ದರ್ಭೆಯ ಅಂಕಯ್ಯ ಉರಿದುಹೋದ. ಹೆಂಗಸರು ಮರಿತಾಯಮ್ಮನನ್ನು ಮರೆಗೆ ಕರೆದೊಯ್ಯುವ ಮೊದಲು ಸೀರೆಯನ್ನು ಅಪ್ಪನ ಕೈಯಿಂದಲೇ ಕೊಡಿಸಬೇಕಿತ್ತು. ಚೌಡಯ್ಯ ಬಗ್ಗಿ ಅದನ್ನು ಅವಳ ಮಡಿಲಿಗೆ ಹಾಕುತ್ತ ಕಿವಿಯ ಬಳಿ ಹೇಳಿದ:

"ಇದು ಬಿಳೀದಲ್ಲ ಕಣವ್ವ. ಅಳಲೆ ಉಂಡದೆ. ಕೆಂಪಿಗೆ ಕಾದು ಕುಂತದೆ ಅಷ್ಟೆಯ. ಅಂಕಯ್ಯ ಬಂದ ದಿನ ಅಂಡೆಗೆ ಬುಡ್ತೀನಿ, ನಿನ್ನ ಧಾರೆ ಸೀರೆ ಕೆಂಪೇ ಎದ್ ಬತ್ತದೆ. ಸೋಪು ಆಕ್ಬ್ಯಾಡ, ಬರೀ ನೀರ್ನಲ್ಲಿ ಜಾಲಾಡು."

ನೇಕಾರನ ಮಗಳು. ಬೆರಳ ತುದಿಯಿಂದ ಬಟ್ಟೆಯನ್ನು ಒಮ್ಮೆ ಉಜ್ಜಿ ನೋಡಿದಳು, ಅರ್ಥವಾಯಿತು. ಬಳೆ ಒಡೆದಾಗ ಅವಳು ಅಳಲಿಲ್ಲ. ಎಂಥ ಕಲ್ಲು ಹೆಂಗಸು ಎಂದು ಸಾಲುಮನೆಯವರು ಬಾಯಿಗೆ ಸೆರಗು ಹಿಡಿದರು. ತೆಗೆದ ತಾಳಿಯನ್ನು ಅವಳು ಅತ್ತೆಯ ಕಣ್ಣು ತಪ್ಪಿಸಿ ಅಕ್ಕಿಯ ಮಡಕೆಯ ತಳದಲ್ಲಿಟ್ಟಳು. ಮಹದೇವಮ್ಮ ಅಂದು ಬಹಳ ದಿನಗಳ ಮೇಲೆ ಕಣ್ತುಂಬ ನಿದ್ದೆ ಮಾಡಿದಳು.

ಚೌಡಯ್ಯನಿಗೆ ಒಳಗೇ ಹೆಮ್ಮೆ. ಸೀರೆ ಸುಳ್ಳು ಹೇಳಬಾರದು ಎಂಬ ತನ್ನ ಮಾತನ್ನೂ ಮೀರಲಿಲ್ಲ, ಮಗಳನ್ನೂ ಬಿಳಿಗೆ ಕೊಡಲಿಲ್ಲ. ಊರಿಗೆ ಊರೇ ಬಿಳಿ ಎಂದು ನೋಡುವ ಬಟ್ಟೆ ಅವನಿಗೂ ಅವಳಿಗೂ ಮಾತ್ರ ಬೇರೆ ಹೇಳುತ್ತಿತ್ತು. ಬಣ್ಣ ತಿಳಿದವನ ಜಾಣತನವೆಂದರೆ ಇದೇ ಅಂದುಕೊಂಡ. ಮರಿತಾಯಮ್ಮ ಆ ಸೀರೆಯನ್ನು ಕೊಳೆಯಾಗದಂತೆ ಉಡುತ್ತಿದ್ದಳು, ಒಗೆಯಲು ಎತ್ತಲಿಲ್ಲ. ಒಲೆಯ ಮುಂದೆ ಕುಳಿತವಳು ಸೆರಗನ್ನು ಬೆರಳಲ್ಲಿ ಉಜ್ಜುತ್ತ ತನ್ನಷ್ಟಕ್ಕೆ ನಗುವುದನ್ನು ಹುಚ್ಚೀರಯ್ಯ ಕಂಡು, ಅತ್ತಿಗೆಗೆ ತಲೆ ಕೆಟ್ಟಿತೋ ಎಂದು ಹೆದರಿದ್ದ.

ಹಬ್ಬಕ್ಕೆ ಮನೆಯೆಲ್ಲ ತೊಳೆಯುವ ದಿನ ಬಂತು. ಸೀರೆ ಒಗೆಯೆಂದು ಅತ್ತೆ ಒತ್ತಾಯ ಮಾಡಿದಳು. ಮರಿತಾಯಮ್ಮ ಬೇರೆ ಉಟ್ಟು, ಆ ಸೀರೆಯನ್ನು ನಲ್ಲಿಯ ಕೆಳಗಿನ ತೊಟ್ಟಿಗೆ ಹಾಕಿದಳು. ಅಪ್ಪ ಹೇಳಿದಂತೆ ಸೋಪು ಹಚ್ಚಲಿಲ್ಲ, ಬರೀ ನೀರು ಬಿಟ್ಟಳು. ಬೆಳಗಿನ ಮೊದಲ ನೀರು, ಕೊಳವೆಯಲ್ಲಿ ನಿಂತು ತುಕ್ಕು ಕುಡಿದ ನೀರು.

ಮೊದಲು ಅಲ್ಲಲ್ಲಿ ಬೂದಿಯ ಕಲೆ ಕಂಡಿತು. ಕೊಳೆಯೆಂದು ಅವಳು ಇನ್ನಷ್ಟು ನೀರು ಬಿಟ್ಟು ಹಿಂಡಿದಳು. ಹಿಂಡಿದಷ್ಟೂ ಕಪ್ಪು ಹರಡಿತು. ಅಂಚಿನಿಂದ ಸೆರಗಿನವರೆಗೆ ಅವಳ ಕಣ್ಣೆದುರೇ ಸೀರೆ ಮಸಿಯಾಯಿತು. ಪಕ್ಕದ ಮನೆಯವಳು ಕೈಲಿದ್ದ ಕೊಡ ಬಿಟ್ಟು ಹಿಂದೆ ಸರಿದಳು. ಮಹದೇವಮ್ಮ ಓಡಿ ಬಂದು ನೋಡಿ, ಅಲ್ಲೇ ಒದ್ದೆ ನೆಲದ ಮೇಲೆ ಕುಳಿತುಬಿಟ್ಟಳು. "ನನ್ ಮಗ ಉಂಡಿಲ್ಲ. ಅವನ್ಗೆ ಇನ್ನೂ ಏನೂ ಮುಟ್ಟಿಲ್ಲ" ಎಂದು ಅದನ್ನೇ ಹೇಳುತ್ತ ಹೋದಳು.

ಮಾರನೆಯ ದಿನ ಚೌಡಯ್ಯನನ್ನು ಕರೆಸಿದರು. ಸಾಲಿನ ಹಿರಿಯ ರಾಮಲಿಂಗಯ್ಯನವರು ಜಗಲಿಯಲ್ಲಿ ಕುಳಿತಿದ್ದರು, ಸುತ್ತ ಜನ. ನಡುವೆ ಆ ಸೀರೆ. ಚೌಡಯ್ಯ ಸೀರೆಯನ್ನು ನೋಡಿದ, ತಲೆಯೆತ್ತಿ ನಲ್ಲಿಯನ್ನು ನೋಡಿದ. ನಲ್ಲಿಯ ಕೆಳಗಿನ ಕಲ್ಲು ತುಕ್ಕಿನಿಂದ ಕೆಂಪಗಿತ್ತು. ಅದೇ ಕಲ್ಲನ್ನು ಎಷ್ಟು ಸಲ ನೋಡಿ ಹೋಗಿದ್ದ. ಹಿತ್ತಲಲ್ಲಿ ಮೊಳೆಗೆ ಹೆದರುವವನು ಮಗಳ ಬಾಗಿಲಲ್ಲಿದ್ದ ಕಬ್ಬಿಣದ ಕೊಳವೆಯನ್ನು ಮರೆತಿದ್ದ.

"ಏನ್ ಆಕಿದ್ರಿ ಚೌಡಯ್ಯ ಈ ಬಟ್ಟೆಗೆ? ಬಿಳೀ ಸೀರೆ ಇಂಗೆ ತಿರುಗ್ತದಾ?" ಎಂದು ರಾಮಲಿಂಗಯ್ಯನವರು ಕೇಳಿದರು.

ಹೇಳಬಹುದಿತ್ತು. ಅಳಲೆ ಹಾಕಿದ್ದೆ, ನಿಮ್ಮ ನೀರಿನ ಕಬ್ಬಿಣ ಹಿಡಿಯಿತು, ಇದು ಯಾರ ಶಾಪವೂ ಅಲ್ಲ ಎನ್ನಬಹುದಿತ್ತು. ಹಾಗೆಂದರೆ ಬಿಳಿಯಲ್ಲದ್ದನ್ನು ಬಿಳಿಯೆಂದು ಕೊಟ್ಟೆ ಎಂದಂತಾಯಿತು. ಅಂಕಯ್ಯನ ಕಾರ್ಯವನ್ನೇ ಕೆಡಿಸಿದೆ ಎಂದಂತಾಯಿತು. ಕಂಬಕ್ಕೆ ಒರಗಿದ್ದ ಮಹದೇವಮ್ಮನ ಮುಖ ನೋಡಿದ. ಮಗನಿಗೆ ತುತ್ತು ಮುಟ್ಟಿತೋ ಇಲ್ಲವೋ ಎಂದು ಅವಳು ಅವನ ಬಾಯಿಯನ್ನೇ ನೋಡುತ್ತಿದ್ದಳು.

"ನೂಲೇ ಕೆಟ್ಟಿತ್ತು. ಕಂಟ್ರೋಲ್ ನೂಲು. ಬಿಳೀದೇ ನೇಯ್ದಿದ್ದೆ ನಾನು" ಎಂದ.

ಬಾಗಿಲ ಹಿಂದೆ ಮರಿತಾಯಮ್ಮ ನಿಂತಿದ್ದಳು. ಅಪ್ಪನ ಮಾತು ಪೂರ್ತಿ ಕೇಳಿಸಿತು.

ಜನ ಕರಗಿದ ಮೇಲೆ ಅವನು ಹಿತ್ತಲಿಗೆ ಹೋಗಿ, ಒಂದೇ ಉಸಿರಿಗೆ ಎಲ್ಲ ಹೇಳಿದ. ಕೊಳವೆ, ತುಕ್ಕು, ಅಳಲೆ. ಅಂಕಯ್ಯನಿಗೆ ಏನೂ ಆಗಿಲ್ಲ, ಇದು ಕಬ್ಬಿಣದ ಕೆಲಸ ಎಂದು ಕೈ ಹಿಡಿದುಕೊಂಡ. ಅವಳು ಕೈ ಬಿಡಿಸಿಕೊಳ್ಳಲಿಲ್ಲ.

"ಅಲ್ಲಿ ಒಂದ್ ಯೋಳ್ದೆ, ಇಲ್ಲಿ ಒಂದ್ ಯೋಳ್ತೀಯ. ನಾನು ಯಾವುದ ನಂಬ್ಲಿ ಅಪ್ಪ?"

"ಅಲ್ಲಿ ಯೋಳಿದ್ದು ಸುಳ್ಳು ಕಣವ್ವ. ಇದು ನಿಜ."

"ನನ್ಗೋಸ್ಕರ ಸುಳ್ಳೇಳಾಕೆ ನಿಂಗೆ ಬತ್ತದೆ ಅಂತ ಈಗ ಗೊತ್ತಾಯ್ತಲ್ಲ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಬಹಳ ದಣಿವಿತ್ತು. "ಅವ್ರು ಓಗಿ ಯಾವ ಕಾಲ ಆಯ್ತೋ ಏನೋ. ನಾನು ಇಷ್ಟು ದಿನ ಒಂದು ಬಟ್ಟೆ ಉಜ್ಕೊಂಡು ಕುಂತಿದ್ದೆ. ಒಂದು ಸೀರೆ ತಂದ್ಕೊಡಪ್ಪ. ನಿಜವಾದ ಬಿಳೀದು."

ಅಂದೇ ಅವಳು ಅಕ್ಕಿಯ ಮಡಕೆಯಿಂದ ತಾಳಿಯನ್ನು ತೆಗೆದು ಅತ್ತೆಯ ಕೈಗೆ ಕೊಟ್ಟಳು. ಅತ್ತೆ ಸೊಸೆ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದು ಅತ್ತರು. ಮರಿತಾಯಮ್ಮ ಗಂಡನಿಗಾಗಿ ಅತ್ತದ್ದು ಆವತ್ತೇ ಮೊದಲು. ಚೌಡಯ್ಯ ಹೊರಗೆ ನಿಂತು ಕೇಳಿಸಿಕೊಂಡ.

ಅವನು ಬಿಳಿ ಸೀರೆ ನೇಯ್ದ. ನೂಲನ್ನು ಕುದಿಸಿ, ಬಿಸಿಲಿಗೆ ಹಾಕಿ, ಮತ್ತೆ ಕುದಿಸಿ, ಯಾವ ಬಣ್ಣದ ನೆನಪೂ ಇಲ್ಲದಂತೆ ಮಾಡಿ ನೇಯ್ದ. ಒಂದು ಎಳೆ ಅಂಚು ಕೂಡ ಇಲ್ಲ. ಲಾಳಿ ಆ ಕಡೆಯಿಂದ ಈ ಕಡೆಗೆ ಹೋಗುವಾಗೆಲ್ಲ ಅಳಿಯನ ಮುಖ ಎದುರಿಗೆ ಬರುತ್ತಿತ್ತು. ಬದುಕಿದ್ದರೆ ಕ್ಷಮಿಸಪ್ಪ ಎಂದುಕೊಂಡೇ ನೇಯ್ದು ಮುಗಿಸಿದ.

ಆ ಸೀರೆ ಉಟ್ಟ ಮೇಲೆ ಮರಿತಾಯಮ್ಮ ಬಹಳ ಕಾಲ ಬದುಕಲಿಲ್ಲ. ಮುಂದಿನ ಮಳೆಗಾಲದಲ್ಲಿ ಮಲೇರಿಯ ಬಂತು. ಸಾಲಿನಲ್ಲಿ ಎಲ್ಲರಿಗೂ ಬಂತು, ಎಲ್ಲರೂ ಎದ್ದರು. ಇವಳು ಗಂಜಿಯನ್ನು ಬೇಡವೆಂದು ತಳ್ಳಿದಳು. ಚೌಡಯ್ಯ ಗಾಡಿ ಕಟ್ಟಿಸಿ ಮಳವಳ್ಳಿಗೆ ಕರೆತಂದ. ಹುಟ್ಟಿದ ಮನೆಯಲ್ಲೇ, ಅಪ್ಪನ ತೊಡೆಯ ಮೇಲೆ ತಲೆಯಿಟ್ಟು ಹೋದಳು. ಅರಿಶಿನವಿಲ್ಲ, ಕುಂಕುಮವಿಲ್ಲ, ಬಳೆಯಿಲ್ಲ. ಗಂಡ ಸತ್ತವಳನ್ನು ಹೇಗೆ ಕಳಿಸಬೇಕೋ ಹಾಗೆ, ಅವನೇ ನೇಯ್ದ ಬಿಳಿಯಲ್ಲಿ ಕೆರೆಯಾಚೆಯ ಮಣ್ಣಿಗೆ ಕಳಿಸಿದರು. ಹಸಿರು ಉಡಿಸಿ ಕಳಿಸಿದ್ದ ಚಿಕ್ಕನಂಜಮ್ಮನ ಪಕ್ಕದಲ್ಲೇ ಜಾಗ ಸಿಕ್ಕಿತು.

ಯುದ್ಧ ಮುಗಿಯಿತು. ಮಾರನೆಯ ವರ್ಷ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ಹಲ್ಲು ಬಿದ್ದ, ಮೂಳೆ ಎದ್ದ ಒಬ್ಬ ಗಂಡಸು ಬಸ್ಸಿಳಿದು ನೇಕಾರರ ಬೀದಿಗೆ ಬಂದ. ಚೌಡಯ್ಯ ಗುಣಿಯಲ್ಲಿ ಕುಳಿತಿದ್ದವನು ಯಾರೋ ಭಿಕ್ಷಕ್ಕೆ ಬಂದವನೆಂದು ಕೈಯಾಡಿಸಿದ.

"ನಾನು ಕಣ್ ಮಾವ, ಅಂಕಯ್ಯ" ಎಂದ ಅವನು.

ಬ್ಲಫಿಗೆ ಹೋಗಿ ತಾಯಿಯನ್ನು ನೋಡಿ ಬಂದಿದ್ದ. ಮಹದೇವಮ್ಮ ಅವನನ್ನು ಒಳಗೆ ಕರೆಯಲಿಲ್ಲವಂತೆ. ಬಾಗಿಲಲ್ಲಿ ನಿಂತವನನ್ನು ನೋಡಿ, ಕನಸೆಂದುಕೊಂಡು, ತಟ್ಟೆಯಲ್ಲಿ ಅನ್ನ ಬಡಿಸಿ ಹೊಸ್ತಿಲಾಚೆ ಇಟ್ಟು ಕೈಮುಗಿದಳಂತೆ. ಆಮೇಲೆ ಹುಚ್ಚೀರಯ್ಯ ಬಂದು ಕೈಹಿಡಿದು ಒಳಗೆ ಕರೆದುಕೊಂಡನಂತೆ. ಹೆಂಡತಿಯ ಸುದ್ದಿಯನ್ನೂ ಅವನೇ ಹೇಳಿದ್ದ. ಇದನ್ನೆಲ್ಲ ಅಂಕಯ್ಯ ಬೇರೆ ಯಾರದೋ ಮನೆಯ ಸಂಗತಿ ಹೇಳುವಂತೆ ಹೇಳಿದ. ಸೆರೆಯಲ್ಲಿ ರೈಲು ದಾರಿಗೆ ಮಣ್ಣು ಹೊರುವಾಗ ತನ್ನ ಕಣ್ಣಿಗೆ ಕಟ್ಟಿದಂತಿದ್ದದ್ದು ಮರಿತಾಯಿಯ ಧಾರೆ ಸೀರೆ ಒಂದೇ ಎಂದ. ಅಲ್ಲಿ ಎಲ್ಲಿ ನೋಡಿದರೂ ಹಸಿರು ಕಾಡು, ಕೆಂಪು ನೋಡಬೇಕೆನಿಸಿದರೆ ಕಣ್ಣು ಮುಚ್ಚಬೇಕಿತ್ತು ಎಂದ.

ಆಮೇಲೆ ಅಂಕಯ್ಯ ನೆಲ ನೋಡುತ್ತ ಕೇಳಿದ:

"ಏನ್ ಉಡ್ಸಿ ಕಳಿಸಿದ್ರಿ ಮಾವ?"

ಚೌಡಯ್ಯನಿಗೆ ಈ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು. ಗಂಡ ಬದುಕಿರುವಾಗ ಹೋದ ಹೆಣ್ಣು, ಮುತ್ತೈದೆ. ಹಸಿರಿನಲ್ಲಿ ಹೋಗಬೇಕಾದವಳು.

"ಬಿಳೀದು" ಎಂದ.

ಅಂಕಯ್ಯ ತಲೆಯಾಡಿಸಿದ. ಬೈಯಲಿಲ್ಲ, ಅಳಲೂ ಇಲ್ಲ. ಬೈದಿದ್ದರೆ ಚೌಡಯ್ಯ ಎಲ್ಲಾದರೂ ಕುಳಿತು ಅತ್ತು ಹಗುರವಾಗುತ್ತಿದ್ದನೋ ಏನೋ. ಅದೂ ಸಿಗಲಿಲ್ಲ.

ಅವನು ಅಟ್ಟ ಹತ್ತಿದ. ಉಳಿದಿದ್ದ ಲಡಿಗಳು ಸುತ್ತಿಟ್ಟಂತೆಯೇ ಇದ್ದವು, ಪಕ್ಕದಲ್ಲಿ ಡಬ್ಬಿ. ತಾಮ್ರದ ಹಂಡೆ ಇಳಿಸಿ ಒಲೆ ಹೊತ್ತಿಸಿದ. ನೂಲನ್ನು ಪಟಿಕದ ನೀರಿಗೆ ಅದ್ದಿ, ಬೇರು ಕುದಿಯುತ್ತಿದ್ದ ಹಂಡೆಗೆ ಬಿಟ್ಟ. ಅಂಕಯ್ಯ ಬಂದು ಬೆಂಕಿಗೆ ಸೌದೆ ಹಾಕುತ್ತ ಕುಳಿತ. ಕೋಲಿನಿಂದ ಎತ್ತಿ ನೋಡಿದಾಗ ನೂಲು ಕೆಂಪಾಗಿತ್ತು. ಅವನು ಮಗಳ ಕಿವಿಯಲ್ಲಿ ಹೇಳಿದ್ದ ಕೆಂಪು, ಧಾರೆ ಸೀರೆಯ ಕೆಂಪು, ಒಂದು ಚೂರೂ ಹೆಚ್ಚುಕಡಿಮೆಯಿಲ್ಲ. ಅವನು ಅವಳಿಗೆ ಹೇಳಿದ್ದು ನಿಜವಾಗಿತ್ತು. ಅದನ್ನು ತೋರಿಸಲು ಅವಳು ಇರಲಿಲ್ಲ.

ಇಬ್ಬರೂ ಸೇರಿ ಲಡಿಗಳನ್ನು ಹಿಂಡಿ ಹೊರಗೆ ತಂದು ಗಳುವಿನ ಮೇಲೆ ಹರವಿದರು. ಇಳಿಬಿಸಿಲಿನಲ್ಲಿ ಅವುಗಳಿಂದ ಕೆಂಪು ನೀರು ತೊಟ್ಟಿಕ್ಕುತ್ತಿತ್ತು. ಸಂತೆಯಿಂದ ಬುಟ್ಟಿ ಹೊತ್ತು ಬರುತ್ತಿದ್ದ ಅದೇ ಬೀದಿಯ ಚಿಕ್ಕಬೋರಮ್ಮ, ಅಷ್ಟು ಒಳ್ಳೆಯ ಕೆಂಪನ್ನು ಆ ಬೀದಿ ಕಂಡು ಎಷ್ಟೋ ವರ್ಷವಾಗಿತ್ತಲ್ಲ, ಬುಟ್ಟಿಯನ್ನು ಒಂದು ಕೈಯಲ್ಲಿ ಹಿಡಿದು ನಿಂತಳು.

"ಯಾರ ಮನೆ ಮದುವೆ ಚೌಡಯ್ಯ?" ಎಂದು ಕೇಳಿದಳು.

ಚೌಡಯ್ಯ ಗಳುವನ್ನು ಹಿಡಿದುಕೊಂಡು ನಿಂತ. ಚಿಕ್ಕಬೋರಮ್ಮ ಹೆಸರಿಗಾಗಿ ಕಾದು ನಿಂತಿದ್ದಳು.